ಒಂದು ಚಮಚ ಸಕ್ಕರೆಗೆ ಇಪ್ಪತ್ತೆರಡು ಹೆಜ್ಜೆ

ಓದುಗರ ಪ್ರಶ್ನೆ, ವರ್ಕ್‌ಶಾಪ್ ಮೇಷ್ಟ್ರ ಉತ್ತರ

ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನ ಹತ್ತಿರವಾಗುತ್ತಿದ್ದಂತೆ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಕಾಲೇಜುಗಳಿಂದ ಕಾಗದಗಳು ಬರತೊಡಗುತ್ತವೆ. ಈ ಸಲದವುಗಳಲ್ಲಿ ಹೆಚ್ಚಿನವು ಒಂದೇ ಸ್ಪರ್ಧೆಯ ಮೇಲೆ. ಕೈಯಿಂದ ಅರೆಗಳಿಗೆಯಲ್ಲಿ ಮುಗಿಯುವ ಕೆಲಸವನ್ನು ಸಾಧ್ಯವಾದಷ್ಟು ಸುತ್ತುಬಳಸಿ ಮಾಡಿಸುವ ಯಂತ್ರ ಕಟ್ಟುವ ಸ್ಪರ್ಧೆ ಅದು. ಗೋಲಿ ಉರುಳಿ ಡಬ್ಬಿಯನ್ನು ತಳ್ಳುತ್ತದೆ, ಡಬ್ಬಿ ಬಿದ್ದು ದಾರ ಎಳೆಯುತ್ತದೆ, ದಾರ ಇಲಿಬೋನನ್ನು ಸಿಡಿಸುತ್ತದೆ, ಹೀಗೆ ಸಾಗಿ ಕಡೆಗೆಲ್ಲೋ ಒಂದು ಗಂಟೆ ಬಾರಿಸುತ್ತದೆ. ನೋಡುವವರು ನಗಬೇಕು, ಕಟ್ಟಿದವರು ಬೆವರಬೇಕು. ಮೋಟಾರು ಮತ್ತು ವಾಷರುಗಳ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆಯವರೆಗೆ ಕಾಯಬೇಕು.

ಪ್ರಶ್ನೆ: ಸರ್, ನಮ್ಮ ತಂಡಕ್ಕೆ ಕೊಟ್ಟಿರುವ ಕೆಲಸ, ಲೋಟದ ಕಾಫಿಗೆ ಒಂದು ಚಮಚ ಸಕ್ಕರೆ ಹಾಕುವುದು. ಕನಿಷ್ಠ ಇಪ್ಪತ್ತು ಹೆಜ್ಜೆ ಇರಬೇಕು, ಎರಡು ನಿಮಿಷದೊಳಗೆ ಮುಗಿಯಬೇಕು, ನಡುವೆ ಕೈ ಹಾಕಿದರೆ ಅಂಕ ಕಡಿತ. ನಾವು 22 ಹೆಜ್ಜೆಗಳನ್ನು ಮಾಡಿದ್ದೇವೆ. ಬಿಡಿಬಿಡಿಯಾಗಿ ಎಲ್ಲವೂ ನಡೆಯುತ್ತವೆ. ಒಟ್ಟಿಗೆ ಬಿಟ್ಟರೆ ಒಮ್ಮೆಯೂ ಕೊನೆ ಮುಟ್ಟಿಲ್ಲ, ಪ್ರತಿ ಸಲವೂ ಬೇರೆ ಬೇರೆ ಕಡೆ ನಿಂತುಬಿಡುತ್ತದೆ. ದೋಷ ಎಲ್ಲಿದೆ?
– ಮೆಕ್ಯಾನಿಕಲ್ ಎರಡನೇ ವರ್ಷದ ವಿದ್ಯಾರ್ಥಿನಿ, ಹಾಸನ

ಉತ್ತರ: ಬೇರೆ ಬೇರೆ ಕಡೆ ನಿಲ್ಲುತ್ತದೆ ಎಂದು ಬರೆದು ನನ್ನ ಅರ್ಧ ಕೆಲಸ ಉಳಿಸಿದೆಯಮ್ಮ. ಒಂದೇ ಕಡೆ ನಿಲ್ಲುತ್ತಿದ್ದರೆ ಆ ಭಾಗ ಕೆಟ್ಟಿದೆ ಎಂದು ಹೇಳಿ ಮುಗಿಸುತ್ತಿದ್ದೆ. ಕಂಡಕಂಡಲ್ಲಿ ನಿಲ್ಲುತ್ತಿದೆ ಎಂದರೆ ಯಾವ ಭಾಗವೂ ಪೂರ್ತಿ ಕೆಟ್ಟಿಲ್ಲ, ಎಲ್ಲವೂ ಸ್ವಲ್ಪ ಸ್ವಲ್ಪ ಸಡಿಲವಾಗಿವೆ.

ಲೆಕ್ಕ ಹಾಕಿ ನೋಡು. ಒಂದು ಹೆಜ್ಜೆ ನೂರಕ್ಕೆ 95 ಸಲ ಸರಿಯಾಗಿ ನಡೆಯುತ್ತದೆ ಎಂದುಕೊಳ್ಳೋಣ. ಪರೀಕ್ಷೆಯಲ್ಲಿ 95 ಬಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಇಲ್ಲಿ 0.95 ಅನ್ನು 22 ಸಲ ಗುಣಿಸಬೇಕು, ಬರುವ ಉತ್ತರ ಸುಮಾರು 0.32. ಅಂದರೆ ಮೂರು ಸಲ ಬಿಟ್ಟರೆ ಹೆಚ್ಚುಕಡಿಮೆ ಒಂದು ಸಲ ಮಾತ್ರ ಸಕ್ಕರೆ ಲೋಟಕ್ಕೆ ಬೀಳುತ್ತದೆ. ಪ್ರತಿ ಹೆಜ್ಜೆಯೂ ನೂರಕ್ಕೆ 90 ಸಲ ನಡೆಯುವಂಥದ್ದಾದರೆ ಒಟ್ಟು ಯಂತ್ರ ಹತ್ತರಲ್ಲಿ ಒಂದು ಸಲ ನಡೆದರೆ ಹೆಚ್ಚು. ನೂರಕ್ಕೆ 99ಕ್ಕೆ ಏರಿಸಿದಾಗ 80ಕ್ಕೆ ಬರುತ್ತದೆ. ನಿಮ್ಮ ಯಂತ್ರ ಈಗ 90 ಮತ್ತು 95ರ ನಡುವೆ ಎಲ್ಲೋ ಇದೆ ಎಂದು ನನ್ನ ಊಹೆ.

"ನಾವು ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸಿದ್ದೇವೆ" ಎನ್ನುತ್ತೀರಿ. ಎಷ್ಟು ಸಲ? ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರ ಇದೆ. ಸತತವಾಗಿ ಎಷ್ಟು ಸಲ ತಪ್ಪದೆ ನಡೆಯಿತೋ ಆ ಸಂಖ್ಯೆಯಿಂದ 3 ಅನ್ನು ಭಾಗಿಸಿದರೆ, ಇನ್ನೂ ಎಷ್ಟರಮಟ್ಟಿಗೆ ತಪ್ಪುವ ಸಾಧ್ಯತೆ ಉಳಿದಿರಬಹುದು ಎಂಬ ಮೇಲ್ಮಿತಿ ಸಿಗುತ್ತದೆ. ಮೂವತ್ತು ಸಲ ತಪ್ಪದೆ ನಡೆದರೂ ನೂರಕ್ಕೆ ಹತ್ತರವರೆಗೆ ತಪ್ಪುವ ಅವಕಾಶ ಇದ್ದೇ ಇರಬಹುದು. ನೀವು ಮೂರೋ ನಾಲ್ಕೋ ಸಲ ಬಿಟ್ಟು, ಚಪ್ಪಾಳೆ ತಟ್ಟಿ, ಮುಂದಿನ ಹೆಜ್ಜೆಗೆ ಹೋಗಿದ್ದೀರಿ. ಎಲ್ಲ ತಂಡಗಳೂ ಹಾಗೆಯೇ ಮಾಡುತ್ತವೆ.

ಇನ್ನು ರಿಪೇರಿಯ ವಿಷಯ. ಒಂದು ಹೆಜ್ಜೆಯ ಒಳಗೆ ದೋಷ ಇರುವುದು ಅಪರೂಪ. ಗೋಲಿ ಇಳಿಜಾರಿನಲ್ಲಿ ಉರುಳಿಯೇ ಉರುಳುತ್ತದೆ, ಅದರಲ್ಲಿ ಅನುಮಾನ ಏನಿದೆ? ದೋಷ ಇರುವುದು ಒಂದು ಹೆಜ್ಜೆ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಕೊಂಡಿಯಲ್ಲಿ. ಹುಡುಗರು ಹೆಜ್ಜೆಗಳಿಗೆ ಬಣ್ಣ ಬಳಿಯುತ್ತಾರೆ, ಕೊಂಡಿಗಳನ್ನು ಸೆಲ್ಲೋಟೇಪಿನಲ್ಲಿ ಅಂಟಿಸುತ್ತಾರೆ.

16 ಮಿಲಿಮೀಟರ್ ಅಗಲದ ಗಾಜಿನ ಗೋಲಿ ಸುಮಾರು ಐದು ಗ್ರಾಂ ತೂಗುತ್ತದೆ. ಮೂವತ್ತು ಸೆಂಟಿಮೀಟರ್ ಎತ್ತರದಿಂದ ಇಳಿದಾಗ ಅದರಲ್ಲಿರುವ ಶಕ್ತಿಯೆಲ್ಲ ಒಂದು ಹನಿಯೂ ಪೋಲಾಗದೆ ಸಿಕ್ಕಿತು ಎಂದೇ ಇಟ್ಟುಕೊಂಡರೂ, ನೂರು ಗ್ರಾಂ ತೂಕವನ್ನು ಒಂದೂವರೆ ಸೆಂಟಿಮೀಟರ್ ಎತ್ತಬಹುದು ಅಷ್ಟೆ. ಅದೂ ಪೂರ್ತಿ ಸಿಗುವುದಿಲ್ಲ. ಉರುಳುವ ಗೋಲಿಯ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ಅದು ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಹೋಗಿರುತ್ತದೆ. ಆದ್ದರಿಂದ ಗೋಲಿಯ ಕೈಯಲ್ಲಿ ಭಾರ ಎತ್ತಿಸಬೇಡಿ. ಮೊದಲೇ ಎತ್ತಿಟ್ಟ ಭಾರದ ಚಿಲಕವನ್ನು ಅದು ತೆಗೆಯಲಿ, ಸಾಕು. ಎತ್ತಿಟ್ಟ ಇಟ್ಟಿಗೆ ಚೂರು, ಎಳೆದಿಟ್ಟ ಸ್ಪ್ರಿಂಗು, ಬಿಗಿದಿಟ್ಟ ಇಲಿಬೋನು, ಇವೆಲ್ಲ ನೀವು ಮುಂಚೆಯೇ ಕೂಡಿಟ್ಟ ಶಕ್ತಿ. ಹೀಗೆ ಮಾಡಿದರೆ ಪ್ರತಿ ಹೆಜ್ಜೆಯೂ ಹೊಸ ಉಸಿರಿನಿಂದ ಶುರುವಾಗುತ್ತದೆ, ಮೊದಲ ಹೆಜ್ಜೆಯ ಸುಸ್ತು ಹತ್ತನೆಯದಕ್ಕೆ ದಾಟುವುದಿಲ್ಲ. ಚಿಲಕ ಹೇಗಿರಬೇಕು ಎಂದರೆ, ತಾಗಿದರೆ ಬಿಡಲೇಬೇಕು, ಪಕ್ಕದಲ್ಲಿ ಯಾರೋ ಕೆಮ್ಮಿದರೆ ಬಿಡಬಾರದು. ಇವೆರಡರ ನಡುವಿನ ಹದ ಅರದಿಂದ ಒಂದೊಂದೇ ಎಳೆ ಉಜ್ಜಿ ಹುಡುಕಬೇಕು. ಮೊಳೆಯ ತುದಿ ತಂತಿಗೆ ಎಷ್ಟು ಹಿಡಿದಿದೆ ಎಂಬುದು ಅರ್ಧ ಮಿಲಿಮೀಟರಿನ ಪ್ರಶ್ನೆ.

ಕಾಫಿ ಡಬ್ಬಿಗೆ ಮರಳು ಸುರಿದು ತೂಕ ಏರಿಸುವ ಹೆಜ್ಜೆ ಇದೆ ಎಂದು ನಕ್ಷೆಯಲ್ಲಿ ತೋರಿಸಿದ್ದೀಯ. ಈ ಹವೆಯಲ್ಲಿ ಮರಳು ಬೇಡ, ತೇವ ಹಿಡಿದು ಗಂಟು ಕಟ್ಟುತ್ತದೆ. ರಾಗಿ ಹಾಕು. ದುಂಡಗಿನ ಕಾಳು, ಒಣಗಿದ್ದರೆ ಚೆನ್ನಾಗಿ ಹರಿಯುತ್ತದೆ. ಕಾಳಿನ ಅಗಲದ ಐದಾರು ಪಟ್ಟು ದೊಡ್ಡ ತೂತು ಬೇಕು, ಅದಕ್ಕಿಂತ ಸಣ್ಣದಾದರೆ ಕಾಳುಗಳು ಒಂದಕ್ಕೊಂದು ಒರಗಿ ಕಮಾನು ಕಟ್ಟಿ ನಿಂತುಬಿಡುತ್ತವೆ. ರಾಗಿಗೆ ಹತ್ತು ಮಿಲಿಮೀಟರ್ ತೂತು ಸಾಕು. ಇದರಲ್ಲಿ ಇನ್ನೊಂದು ಲಾಭ ಇದೆ. ಡಬ್ಬಿಯ ನೀರು ಕಡಿಮೆಯಾದಂತೆ ಧಾರೆಯೂ ನಿಧಾನವಾಗುತ್ತದೆ, ಕಾಳು ಹಾಗಲ್ಲ. ಮೇಲೆ ಒಂದು ಅಡಿ ಇರಲಿ, ಮೂರು ಇಂಚು ಇರಲಿ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸುರಿಯುತ್ತದೆ. ಮರಳು ಗಡಿಯಾರ ಮಾಡಿದವರು ಇದನ್ನೇ ನಂಬಿದ್ದು. ಎರಡು ನಿಮಿಷದ ಗಡುವು ಇರುವಾಗ ಸಮಯವನ್ನು ಲೆಕ್ಕದಲ್ಲಿ ಇಡಬಹುದಾದ ಹೆಜ್ಜೆ ಸಿಕ್ಕರೆ ಬಿಡಬಾರದು.

ಹತ್ತಿ ದಾರವನ್ನೂ ತೆಗೆದುಬಿಡು. ಹೊಸೆದ ಹತ್ತಿ ದಾರಕ್ಕೆ ತೇವ ತಾಗಿದರೆ ಎಳೆಗಳು ಉಬ್ಬಿ ದಾರ ಗಿಡ್ಡವಾಗುತ್ತದೆ. ಸಂಜೆ ಸರಿಯಾಗಿದ್ದ ಚಿಲಕ ಬೆಳಗ್ಗೆ ತಾನೇ ಬಿಟ್ಟುಕೊಂಡಿರುತ್ತದೆ, ನೀವು ಒಬ್ಬರ ಮೇಲೊಬ್ಬರು ಸಂಶಯಪಡುತ್ತೀರಿ. ಗಾಳದ ದಾರ ಇಷ್ಟು ಆಟ ಆಡಿಸುವುದಿಲ್ಲ. ರಟ್ಟಿನ ಇಳಿಜಾರುಗಳೂ ಮಳೆಗಾಲದಲ್ಲಿ ಸೊಟ್ಟಗಾಗುತ್ತವೆ. ಅಡಿಕೆ ದಬ್ಬೆ ಸಿಕ್ಕರೆ ಅದನ್ನೇ ಸೀಳಿ ನಯ ಮಾಡಿಕೊಳ್ಳಿ. ಪರದೆಯ ಹಳೆಯ ಅಲ್ಯೂಮಿನಿಯಂ ಹಳಿ ಇನ್ನೂ ಒಳ್ಳೆಯದು, ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಡುತ್ತಾರೆ.

ಕೊನೆಗೆ ಸಭಾಂಗಣ. ಇದನ್ನು ಯಾರೂ ಯೋಚಿಸುವುದಿಲ್ಲ. ಯಂತ್ರ ನಿಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ನಡೆದಿದೆ, ಸ್ಪರ್ಧೆ ನಡೆಯುವುದು ಹಲಗೆಯ ವೇದಿಕೆಯ ಮೇಲೆ. ಮುಖ್ಯ ಅತಿಥಿಗಳು ಹಾರ ಹಾಕಿಸಿಕೊಂಡು ನಡೆದು ಬಂದರೆ ಆ ಹಲಗೆ ಕುಣಿಯುತ್ತದೆ. ತಲೆಯ ಮೇಲೆ ಫ್ಯಾನ್ ಇರುತ್ತದೆ, ಅದು ಸಾಲಾಗಿ ನಿಲ್ಲಿಸಿದ ಡಾಮಿನೊ ಬಿಲ್ಲೆಗಳನ್ನು ಒಂದೊಂದಾಗಿ ಬೀಳಿಸುತ್ತದೆ. ಮೇಜಿನ ನಾಲ್ಕು ಕಾಲುಗಳಲ್ಲಿ ಒಂದು ಯಾವಾಗಲೂ ಗಿಡ್ಡ. ರಸಮಟ್ಟ, ತೆಳುವಾದ ಮರದ ಚಕ್ಕೆಗಳು, ಎರಡು ಜಿ-ಕ್ಲ್ಯಾಂಪು, ಇವು ಚೀಲದಲ್ಲಿ ಇರಲಿ. ಇಡೀ ಯಂತ್ರವನ್ನು ಒಂದೇ ಪ್ಲೈವುಡ್ ಹಲಗೆಯ ಮೇಲೆ ಕಟ್ಟಿದ್ದರೆ ಮಟ್ಟ ಮಾಡುವುದು ಒಂದೇ ಸಲದ ಕೆಲಸ. ತುಂಡುತುಂಡಾಗಿ ಆಟೋದಲ್ಲಿ ಒಯ್ದು ಅಲ್ಲಿ ಜೋಡಿಸುವ ಯೋಚನೆ ಇದ್ದರೆ ಈಗಲೇ ಬಿಡಿ, ಸಾಲಗಾಮೆ ರಸ್ತೆಯ ಹಂಪುಗಳು ನಿಮ್ಮ ಅರ್ಧ ಮಿಲಿಮೀಟರನ್ನು ಉಳಿಸುವುದಿಲ್ಲ.

22 ಹೆಜ್ಜೆಯನ್ನು 20ಕ್ಕೆ ಇಳಿಸುವುದೂ ಒಳ್ಳೆಯದು. ಯಾವ ಎರಡು ಹೆಜ್ಜೆ ಬಿದ್ದರೆ ಯಾರೂ ಗಮನಿಸುವುದಿಲ್ಲವೋ ಅವನ್ನು ತೆಗೆಯಿರಿ.

ಪ್ರಶ್ನೆ: ಸ್ವಾಮಿ, ನನ್ನ ಮಗ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರಿನಲ್ಲಿದ್ದಾನೆ. ಮನೆಯ ಹಾಲಿನಲ್ಲಿ ಕಾಲಿಡಲು ಜಾಗ ಇಲ್ಲ, ಅಡುಗೆಮನೆಯ ಸೌಟು, ಜಾಲರಿ ಎಲ್ಲ ಅವನ ಯಂತ್ರದಲ್ಲಿವೆ. ಒಂದು ಬಲೂನು ಒಡೆಯುವುದಕ್ಕೆ ಇಷ್ಟು ಕಷ್ಟವೇ? ಈ ಹುಚ್ಚು ಎಲ್ಲಿಂದ ಬಂತು? ಇದರಿಂದ ಕೆಲಸ ಸಿಗುತ್ತದೆಯೇ?
– ಕಾಫಿ ವ್ಯಾಪಾರಿ, ಚಿಕ್ಕಮಗಳೂರು

ಉತ್ತರ: ಹುಚ್ಚು ಬಂದದ್ದು ಅಮೆರಿಕದಿಂದ. ಅದರ ಮೂಲಪುರುಷರೂ ಅಪ್ಪನ ಮಾತಿಗೆ ಎಂಜಿನಿಯರಿಂಗ್ ಓದಿದವರೇ, ಆದ್ದರಿಂದ ಗಟ್ಟಿ ಮನಸ್ಸು ಮಾಡಿಕೊಂಡು ಓದಿ. ರೂಬ್ ಗೋಲ್ಡ್‌ಬರ್ಗ್ 1883ರ ಜುಲೈ 4ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದರು. ಚಿತ್ರ ಬರೆಯುವ ಮಗನನ್ನು ತಂದೆ ಎಂಜಿನಿಯರಿಂಗ್‌ಗೆ ಕಳಿಸಿದರು. 1904ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪದವಿ ಪಡೆದು, ಸ್ಯಾನ್ ಫ್ರಾನ್ಸಿಸ್ಕೊ ನಗರದ ನೀರು ಮತ್ತು ಒಳಚರಂಡಿ ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಮಗ ಆರು ತಿಂಗಳಲ್ಲಿ ಅದನ್ನು ಬಿಟ್ಟು ಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರರಾದರು. ಆ ತಂದೆಯ ಮನಸ್ಸು ಏನಾಗಿರಬೇಡ!

ಅವರ ಚಿತ್ರಗಳಲ್ಲಿ ಒಬ್ಬ ಪ್ರೊಫೆಸರ್ ಇರುತ್ತಿದ್ದ, ಅವನ ತಲೆಯಿಂದ ಇಂಥ ಯಂತ್ರಗಳು ಹೊರಡುತ್ತಿದ್ದವು. 1931ರ ಒಂದು ಚಿತ್ರದಲ್ಲಿ ಊಟ ಮಾಡುವವರ ಬಾಯಿ ಒರೆಸುವ ಯಂತ್ರವಿದೆ. ಸೂಪಿನ ಚಮಚ ಬಾಯಿಗೆ ಎತ್ತಿದ ಕೂಡಲೇ ದಾರ ಎಳೆದು ಸೌಟು ಚಿಮ್ಮುತ್ತದೆ, ಸೌಟಿನಲ್ಲಿದ್ದ ಬಿಸ್ಕತ್ತು ಗಿಳಿಯ ಮೂಗಿನ ಮುಂದೆ ಹಾರುತ್ತದೆ, ಗಿಳಿ ಅದರ ಹಿಂದೆ ಜಿಗಿದಾಗ ಕೂತಿದ್ದ ಕೋಲು ವಾಲಿ ಕಾಳುಗಳು ಬಕೆಟಿಗೆ ಬೀಳುತ್ತವೆ, ಬಕೆಟಿನ ಭಾರಕ್ಕೆ ಲೈಟರ್ ಹೊತ್ತಿ ರಾಕೆಟ್ ಹಾರುತ್ತದೆ, ಅದಕ್ಕೆ ಕಟ್ಟಿದ ಕುಡುಗೋಲು ಇನ್ನೊಂದು ದಾರವನ್ನು ಕತ್ತರಿಸಿದ ಮೇಲೆ ಲೋಲಕದ ತುದಿಯ ಕರವಸ್ತ್ರ ಅತ್ತಿತ್ತ ತೂಗಿ ಗದ್ದ ಒರೆಸುತ್ತದೆ. ಚಿತ್ರ ಹುಚ್ಚಾಟದ್ದು ನಿಜ, ಆದರೆ ಒಂದೊಂದು ಹೆಜ್ಜೆಗೂ ಕಾರಣ ಇದೆ ನೋಡಿ, ನಗು ಬರುವುದು ಅದಕ್ಕೇ. ಇದೇ ಮನುಷ್ಯನಿಗೆ 1948ರಲ್ಲಿ ಅಣುಬಾಂಬಿನ ಕುರಿತ ರಾಜಕೀಯ ವ್ಯಂಗ್ಯಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. 1970ರಲ್ಲಿ ತೀರಿಕೊಂಡರು.

ಅವರು ಚಿತ್ರ ಬರೆದರು, ಯಂತ್ರ ಕಟ್ಟುವ ಸ್ಪರ್ಧೆ ಮಾಡಿದವರು ವಿದ್ಯಾರ್ಥಿಗಳು. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಹುಡುಗರ ಎರಡು ಸಂಘಗಳ ಪೈಪೋಟಿಯಾಗಿ 1949ರಲ್ಲಿ ಶುರುವಾಗಿ 1955ರಲ್ಲಿ ನಿಂತಿತು. 1983ರಲ್ಲಿ ಮತ್ತೆ ಹುಟ್ಟಿ 1988ರಿಂದ ರಾಷ್ಟ್ರಮಟ್ಟದ್ದಾಯಿತು. ಪ್ರತಿ ವರ್ಷ ಒಂದು ಕೆಲಸ ಕೊಡುತ್ತಾರೆ: 2013ರಲ್ಲಿ ಮೊಳೆ ಹೊಡೆಯುವುದು, 2014ರಲ್ಲಿ ಜಿಪ್ ಎಳೆಯುವುದು, 2015ರಲ್ಲಿ ಕಪ್ಪುಹಲಗೆ ಒರೆಸುವುದು, 2016ರಲ್ಲಿ ಛತ್ರಿ ಬಿಚ್ಚುವುದು. ಮಳೆಯ ಚಿಕ್ಕಮಗಳೂರಿನವರಿಗೆ ಕೊನೆಯದು ಹಿಡಿಸಬಹುದು.

ಕೆಲಸ ಸಿಗುತ್ತದೆಯೇ? ಸ್ಪರ್ಧೆಯ ಸರ್ಟಿಫಿಕೇಟಿನಿಂದ ಖಂಡಿತ ಸಿಗುವುದಿಲ್ಲ. ಆದರೆ ನಿಮ್ಮ ವ್ಯವಹಾರದಲ್ಲೇ ನೋಡಿ. ತೋಟದಲ್ಲಿ ಕಾಫಿ ಹಣ್ಣು ಸಿಪ್ಪೆ ಸುಲಿಯುವ ಪಲ್ಪರಿಗೆ ಹೋಗಿ, ತೊಳೆದು, ಕಣಕ್ಕೆ ಬಂದು ಒಣಗುವ ಸಾಲಿನಲ್ಲಿ ಪಲ್ಪರ್ ಒಂದೇ ಕೆಟ್ಟರೂ ಆ ದಿನದ ಹಣ್ಣೆಲ್ಲ ರಾಶಿಯಲ್ಲೇ ಕಾಯುತ್ತದೆ. ಸಾಲು ಎಲ್ಲಿ ನಿಂತಿತು, ಏಕೆ ನಿಂತಿತು, ಮತ್ತೆ ನಿಲ್ಲದಂತೆ ಏನು ಮಾಡಬೇಕು ಎಂದು ನೋಡುವ ಕಣ್ಣು ನಮ್ಮ ಪಠ್ಯದಲ್ಲಿ ಎಲ್ಲಿಯೂ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ಹುಡುಗರು ಉತ್ತರ ಗೊತ್ತಿರುವ ಪ್ರಯೋಗವನ್ನೇ ಮಾಡಿ, ಬರಬೇಕಾದ ಅಂಕಿಯನ್ನು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಬಲೂನಿನ ಮುಂದೆ ಆ ವಿದ್ಯೆ ನಡೆಯುವುದಿಲ್ಲ. ಒಡೆಯಿತು ಅಥವಾ ಒಡೆಯಲಿಲ್ಲ, ಅಷ್ಟೆ.

ಖರ್ಚಿಗೆ ಮಿತಿ ಹಾಕಿ, ಅದು ನ್ಯಾಯ. ಜಾಲರಿ ಹೊಸದು ಕೊಳ್ಳಿ. ಆದರೆ ನೀವು ಕೂತು ಕಟ್ಟಿಕೊಡಬೇಡಿ. ತೀರ್ಪುಗಾರರ ಮೇಜಿನಿಂದ ನೋಡಿದರೆ ಅಪ್ಪಂದಿರ ಯಂತ್ರ ತಕ್ಷಣ ಗೊತ್ತಾಗುತ್ತದೆ. ಸ್ಕ್ರೂಗಳೆಲ್ಲ ಒಂದೇ ದಿಕ್ಕಿಗೆ ಇರುತ್ತವೆ, ಏನಾದರೂ ನಿಂತರೆ ಹುಡುಗ ಪ್ರೇಕ್ಷಕರ ಸಾಲಿನತ್ತ ನೋಡುತ್ತಾನೆ.

ಪ್ರಶ್ನೆ: ನಮ್ಮದು ಸರ್ಕಾರಿ ಪ್ರೌಢಶಾಲೆ. ಎಂಟನೇ ತರಗತಿಯ ಮಕ್ಕಳಿಂದ ಇಂಥದ್ದನ್ನು ಮಾಡಿಸಬಹುದೇ? ಹಣ ಇಲ್ಲ.
– ವಿಜ್ಞಾನ ಶಿಕ್ಷಕಿ, ಆಲೂರು

ಉತ್ತರ: ಧಾರಾಳವಾಗಿ ಮಾಡಿಸಿ ಮೇಡಂ. ಇಪ್ಪತ್ತು ಹೆಜ್ಜೆ ಬೇಡ, ಐದು ಸಾಕು. ಒಂದು ಗುಂಪಿಗೆ ಒಂದೇ ಹೆಜ್ಜೆ ಕೊಡಿ, ಪಕ್ಕದ ಗುಂಪಿನ ಹೆಜ್ಜೆಗೆ ತಾಗಿಸುವುದು ಅವರ ಜವಾಬ್ದಾರಿ ಎನ್ನಿ. ಜಗಳ ಆಗುತ್ತದೆ, ಆಗಲಿ. "ನಮ್ಮದು ಸರಿ ಇದೆ, ಅವರದ್ದೇ ತಪ್ಪು" ಎಂದು ಎರಡೂ ಕಡೆಯವರು ಹೇಳುವ ಜಾಗದಲ್ಲಿಯೇ ಪಾಠ ಇದೆ. ಸಾಮಾನು ಮಕ್ಕಳೇ ತರುತ್ತಾರೆ: ಗೋಲಿ, ಬುಗುರಿ, ತೆಂಗಿನ ಚಿಪ್ಪು, ಅಡಿಕೆ ಹಾಳೆ, ಸೈಕಲ್ಲಿನ ಹಳೆಯ ಚಕ್ರ, ದಾರದ ಖಾಲಿ ಉಂಡೆ. ಆ ಉಂಡೆಯೇ ರಾಟೆ. ಕೊನೆಯ ಕೆಲಸ ಶಾಲೆಯ ಗಂಟೆ ಬಾರಿಸುವುದಾಗಿರಲಿ, ಮಧ್ಯಾಹ್ನದ ಊಟದ ಗಂಟೆ ಆಗಿದ್ದರೆ ಇಡೀ ಶಾಲೆ ಬಂದು ನಿಲ್ಲುತ್ತದೆ.

ಮರದ ಚೂರುಗಳಿಂದ ಡಾಮಿನೊ ಮಾಡಿಸಿ, ಆದರೆ ಎಲ್ಲ ಒಂದೇ ಅಳತೆಯವು ಬೇಡ. ಒಂದು ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡದನ್ನು ಬೀಳಿಸಬಲ್ಲದು. ಕೆನಡಾದ ಲಾರ್ನ್ ವೈಟ್‌ಹೆಡ್ 1983ರಲ್ಲಿ ಹದಿಮೂರು ಬಿಲ್ಲೆಗಳ ಇಂಥ ಸಾಲನ್ನು ಭೌತವಿಜ್ಞಾನದ ಪತ್ರಿಕೆಯಲ್ಲಿ ವಿವರಿಸಿದರು. ಎರಡು ಸೆಂಟಿಮೀಟರಿನಿಂದ ಶುರು ಮಾಡಿದರೆ ಹತ್ತನೆಯದು ಸುಮಾರು 77 ಸೆಂಟಿಮೀಟರ್ ಎತ್ತರ ಆಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಒಂದೂವರೆ ಪಟ್ಟು ಆಗಬೇಕು, ಆದ್ದರಿಂದ ತೂಕ ಪ್ರತಿ ಹೆಜ್ಜೆಗೂ ಮೂರು ಪಟ್ಟಿಗಿಂತ ಹೆಚ್ಚು ಏರುತ್ತದೆ. ದೊಡ್ಡದರ ಮುಂದೆ ಮಕ್ಕಳನ್ನು ನಿಲ್ಲಿಸಬೇಡಿ. ಕಿರುಬೆರಳಿನಿಂದ ತಳ್ಳಿದ್ದು ಕಡೆಗೆ ಧಡಾರನೆ ಬೀಳುವುದನ್ನು ಕಂಡ ಮಗುವಿಗೆ ಸ್ಥಾನಶಕ್ತಿ ಎಂದರೆ ಏನು ಎಂದು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಪ್ರಶ್ನೆ: ಸೆನ್ಸರ್, ಮೈಕ್ರೋಕಂಟ್ರೋಲರ್ ಬಳಸಿದರೆ ತೀರ್ಪುಗಾರರು ಅಂಕ ಕಡಿಮೆ ಮಾಡುತ್ತಾರೆಯೇ?
– ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ನಿಯಮ ಪತ್ರ ನೋಡಿಕೊ. ಅನುಮತಿ ಇದ್ದರೂ ನಾನು ತೀರ್ಪುಗಾರನಾದರೆ ಮುಖ ಸಿಂಡರಿಸುತ್ತೇನೆ. ಸಣ್ಣ ದೀಪ ಮಿನುಗಿತು, ಆ ಕಡೆ ಮೋಟಾರು ತಿರುಗಿತು. ನಡುವೆ ಏನಾಯಿತು ಎಂದು ಹಿಂದಿನ ಸಾಲಿನ ಅಜ್ಜಿಗೆ ಕಾಣಲಿಲ್ಲ, ಅವರು ನಗಲಿಲ್ಲ. ಸರ್ಕ್ಯೂಟು ಬೇಕೇ ಬೇಕು ಎಂದರೆ ಬೀಳುವ ಚಮಚ ಎರಡು ತಂತಿಗಳನ್ನು ಕೂಡಿಸಲಿ, ಸ್ವಿಚ್ಚು ಎಲ್ಲರಿಗೂ ಕಾಣಲಿ. ವಿದ್ಯುತ್ ಬ್ಯಾಟರಿಯಿಂದ ಬರಲಿ. ಗೋಡೆಯ ಪ್ಲಗ್ಗು ನಂಬಿದವರು ಲೋಡ್ ಶೆಡ್ಡಿಂಗ್ ವೇಳಾಪಟ್ಟಿಯನ್ನೂ ಬಾಯಿಪಾಠ ಮಾಡಬೇಕು.

ಪ್ರಶ್ನೆ: ಮುನ್ನೂರು ಹೆಜ್ಜೆಗಳ ಯಂತ್ರ ಮಾಡಿದ್ದಾರೆ ಎಂದು ಮೊಮ್ಮಗಳು ಹೇಳುತ್ತಾಳೆ. ನಿಜವೇ?
– ತೋಟದ ಮಾಲೀಕರು, ಸಕಲೇಶಪುರ

ಉತ್ತರ: ನಿಜ. 2012ರಲ್ಲಿ ಅದೇ ಪರ್ಡ್ಯೂ ವಿದ್ಯಾರ್ಥಿಗಳು ಬಲೂನು ಊದಿ ಒಡೆಯಲು 300 ಹೆಜ್ಜೆ ಬಳಸಿ ಗಿನ್ನೆಸ್ ದಾಖಲೆ ಮಾಡಿದರು. ಮೇಲೆ ಹಾಸನದ ಹುಡುಗಿಗೆ ಬರೆದ ಲೆಕ್ಕವನ್ನೇ ಇಲ್ಲಿಗೂ ಹಾಕಿ: ಪ್ರತಿ ಹೆಜ್ಜೆ ನೂರಕ್ಕೆ 99 ಸಲ ನಡೆದರೂ ಮುನ್ನೂರೂ ಒಟ್ಟಿಗೆ ನಡೆಯುವುದು ನೂರಕ್ಕೆ ಐದು ಸಲ. ಹತ್ತರಲ್ಲಿ ಒಂಬತ್ತು ಸಲ ನಡೆಯಬೇಕಾದರೆ ಒಂದು ಹೆಜ್ಜೆ ಸುಮಾರು ಎರಡು ಸಾವಿರದ ಎಂಟುನೂರು ಸಲಕ್ಕೆ ಒಮ್ಮೆ ಮಾತ್ರ ತಪ್ಪಬಹುದು. ಹೆಜ್ಜೆಯ ಸಂಖ್ಯೆಗಿಂತ ನನಗೆ ಈ ಅಂಕಿಯೇ ಹೆಚ್ಚು ಮೆಚ್ಚುಗೆ.

ಪ್ರಶ್ನೆ: ನಮ್ಮ ಮನೆಯ ಬೆಕ್ಕು ಒಣಮೀನಿನ ಡಬ್ಬಿಯ ಮುಚ್ಚಳದ ಸದ್ದಿಗೆ ತಪ್ಪದೆ ಓಡಿ ಬರುತ್ತದೆ. ಏಳನೇ ಹೆಜ್ಜೆಯಾಗಿ ಅದನ್ನು ಬಳಸಬಹುದೇ?
– ಪಿಯುಸಿ ವಿದ್ಯಾರ್ಥಿ, ಮೂಡಿಗೆರೆ

ಉತ್ತರ: ಗೋಲ್ಡ್‌ಬರ್ಗ್ ಚಿತ್ರದಲ್ಲಿ ಗಿಳಿಯನ್ನು ಬಳಸಿದರು, ಕಾಗದದ ಗಿಳಿಗೆ ಅನ್ನ ಹಾಕಬೇಕಾಗಿರಲಿಲ್ಲ. ಸ್ಪರ್ಧೆಗೆ ಜೀವಂತ ಪ್ರಾಣಿ ಬೇಡ. ಬೆಂಕಿ, ಪಟಾಕಿ ಕೂಡ ಬೇಡ, ಅದನ್ನು ಕೇಳಿದ ಅರಸೀಕೆರೆಯ ಮೂವರಿಗೂ ಇದೇ ಉತ್ತರ. ನಿನ್ನ ಬೆಕ್ಕು ಮನೆಯಲ್ಲಿ ತಪ್ಪದೆ ಬರಬಹುದು. ಇನ್ನೂರು ಜನ ಕೂಗುವ ಸಭಾಂಗಣದಲ್ಲಿ ಅದು ಮೇಜಿನ ಕೆಳಗೆ ಹೋಗಿ ಕೂರುತ್ತದೆ, ಎರಡು ನಿಮಿಷ ಅಲ್ಲೇ ಮುಗಿಯುತ್ತದೆ. ರಟ್ಟಿನ ಬೆಕ್ಕು ಮಾಡಿ ಹಳಿಯ ಮೇಲೆ ರಬ್ಬರ್ ಬ್ಯಾಂಡಿನಿಂದ ಎಳೆಸು. ಮುಚ್ಚಳ ಮಾತ್ರ ನಿಜವಾದದ್ದೇ ಇರಲಿ, ಆ ಸದ್ದಿಗೆ ಮುಂದಿನ ಸಾಲಿನವರು ನಗುತ್ತಾರೆ.